ಆಝಾದ್ ಮತ್ತು ಝುಲೈಖಾ ಬೇಗಂ: ಒಂದು ತ್ಯಾಗದ ಪಾಠ

ರಾಷ್ಟ್ರ ಕಟ್ಟಿದವರ ತ್ಯಾಗವನ್ನು ನಾವು ಸಾಮಾನ್ಯವಾಗಿ ಅವರ ಸೆರೆವಾಸದ ವರ್ಷಗಳಿಂದ ಅಳೆಯುತ್ತೇವೆ. ಆ ವರ್ಷಗಳಲ್ಲಿ ಅವರ ಮನೆಯೊಳಗೆ ಏನಾಯಿತೆಂದು ವಿಚಾರಿಸುವವರು ಕಡಿಮೆ. ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಂ ಆಝಾದ್‌ರ ಬದುಕಿನಲ್ಲಿ ಈ ಕುರಿತು ದೊಡ್ಡ ಪಾಠವಿದೆ.

1888ರಲ್ಲಿ ಮಕ್ಕಾದಲ್ಲಿ ಜನಿಸಿದ ಅವರು 1912ರಲ್ಲಿ ಕಲ್ಕತ್ತಾದಿಂದ 'ಅಲ್ ಹಿಲಾಲ್' ಉರ್ದು ವಾರಪತ್ರಿಕೆ ಹೊರಡಿಸಿದರು. ಬ್ರಿಟಿಷ್ ಸರಕಾರ ಅದನ್ನು ಉಳಿಯಗೊಡಲಿಲ್ಲ. 1916ರಲ್ಲಿ ಅವರನ್ನು ಬಂಗಾಳದಿಂದ ಹೊರಹಾಕಿತು. 1919ರ ಕೊನೆಯವರೆಗೂ ಅವರು ರಾಂಚಿಯಲ್ಲಿ ನಿರ್ಬಂಧದಲ್ಲಿದ್ದರು. ಅವರ ಕುರ್‌ಆನ್ ವ್ಯಾಖ್ಯಾನದ ಹಸ್ತಪ್ರತಿಗಳನ್ನೂ ಪೊಲೀಸರು ಕೊಂಡೊಯ್ದರು. ಅದನ್ನು ಅವರು ಪುನಃ ಬರೆಯಬೇಕಾಯಿತು.

ಆದರೆ ಅತ್ಯಂತ ಕಠಿಣ ಪರೀಕ್ಷೆ ಬಂದುದು 1942ರ ನಂತರ. ಆಗ ಅವರು ಕಾಂಗ್ರೆಸ್ಸಿನ ಅಧ್ಯಕ್ಷರು. ಆಗಸ್ಟ್ ಮೊದಲ ವಾರ ಮುಂಬಯಿಗೆ ಹೊರಟಾಗ ಪತ್ನಿ ಝುಲೈಖಾ ಬೇಗಂ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಆಗಸ್ಟ್ 9ರಂದು ಬಂಧನವಾಗಿ, ಅವರನ್ನು ಅಹ್ಮದ್‌ನಗರ ಕೋಟೆಯಲ್ಲಿಡಲಾಯಿತು. ಮುಂದಿನ ವರ್ಷ ಪತ್ನಿಯ ಕಾಯಿಲೆ ಉಲ್ಬಣಿಸಿತು. ಸರಕಾರಕ್ಕೆ ಹೇಳುವುದಿದ್ದರೆ ಕೂಡಲೇ ತಲುಪಿಸುವೆನೆಂದು ಜೈಲಿನ ಅಧಿಕಾರಿ ತಾನಾಗಿಯೇ ಮುಂದೆ ಬಂದರು. ತನಗೆ ಯಾವ ಕೋರಿಕೆಯೂ ಇಲ್ಲವೆಂದು ಮೌಲಾನಾ ತಿಳಿಸಿದರು. 1943ರ ಎಪ್ರಿಲ್ 9ರಂದು ಮರಣವಾರ್ತೆಯ ತಂತಿ ಬಂತು. ಕೆಲವೇ ತಿಂಗಳಲ್ಲಿ ಭೋಪಾಲದಲ್ಲಿದ್ದ ಸಹೋದರಿಯೂ ನಿಧನರಾದರು.

ಅವರ ಮನಸ್ಸು ಕಲ್ಲಾಗಿತ್ತೇ? ಇಲ್ಲ. ಸೆರೆಯಲ್ಲಿ ಬರೆದ 'ಗುಬಾರೆ ಖಾತಿರ್' ಪತ್ರಗಳಲ್ಲಿ, ದಿನಚರಿಯನ್ನು ತಪ್ಪದೆ ನಡೆಸಿದರೂ ಒಳಗೆ ತಾನು ಕುಸಿಯುತ್ತಿದ್ದುದನ್ನು ಅವರು ಒಪ್ಪಿಕೊಂಡಿದ್ದಾರೆ. ಸಬ್ರ್ ಎಂದರೆ ದುಃಖವಿಲ್ಲದಿರುವುದಲ್ಲ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣುಗಳೂ ತುಂಬಿ ಬಂದಿದ್ದುವು. ದುಃಖದ ನಡುವೆಯೂ ಕರ್ತವ್ಯದಿಂದ ಕದಲದಿರುವುದೇ ಸಬ್ರ್.

1945ರಲ್ಲಿ ಬಿಡುಗಡೆಯಾಗಿ ಬಂದಾಗ ಕಲ್ಕತ್ತಾದ ಜನ ಅವರನ್ನು ಹೂಮಾಲೆಗಳಿಂದ ಮುಚ್ಚಿದರು. ಮೌಲಾನಾ ಮನೆಗೆ ಹೋಗುವ ಮೊದಲು ಕಾರನ್ನು ಕಬರಸ್ಥಾನದ ಕಡೆಗೆ ತಿರುಗಿಸಲು ಹೇಳಿದರು. ಒಂದು ಮಾಲೆಯನ್ನು ಪತ್ನಿಯ ಕಬರಿನ ಮೇಲಿಟ್ಟು, ಮೌನವಾಗಿ ಫಾತಿಹಾ ಓದಿದರು.

ಇಲ್ಲಿ ನಮಗೆರಡು ಪಾಠಗಳಿವೆ. ಸಾವಿರಾರು ಮಂದಿ ಸೆರೆಯಲ್ಲಿದ್ದಾಗ ನಾಯಕನು ತನ್ನ ಮನೆಗಾಗಿ ವಿಶೇಷ ರಿಯಾಯಿತಿ ಬೇಡಲಿಲ್ಲ. ಸಣ್ಣ ಕೆಲಸಕ್ಕೂ ವಶೀಲಿ ಹುಡುಕುವ ನಾವು ಇದನ್ನು ಚಿಂತಿಸಬೇಕು. ಎರಡನೆಯದಾಗಿ, ಈ ತ್ಯಾಗ ಮೌಲಾನಾರೊಬ್ಬರದ್ದೇ ಅಲ್ಲ. ಭಾಷಣ ಮಾಡದೆ, ಪದವಿ ಪಡೆಯದೆ, ಸ್ವಾತಂತ್ರ್ಯದ ದಿನವನ್ನೂ ಕಾಣದೆ ಹೋದ ಝುಲೈಖಾ ಬೇಗಂ ಅದರ ಸಮಪಾಲುದಾರರು. ನಮ್ಮ ಮಕ್ಕಳಿಗೆ ಆಝಾದ್‌ರ ಕಥೆ ಹೇಳುವಾಗ ಆ ಮಹಿಳೆಯ ಹೆಸರನ್ನೂ ಹೇಳೋಣ. ಅಲ್ಲಾಹನು ಅವರಿಬ್ಬರಿಗೂ ಕರುಣೆ ತೋರಲಿ.