ರಕ್ತದೊತ್ತಡಕ್ಕೆ ದಿನನಿತ್ಯದ ಕಡಿವಾಣ

ಮಂಗಳಗಿರಿಯ ಬೆಟ್ಟದ ಮೇಲಣ ಪಾನಕಾಲ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಅರ್ಚಕರು ಶಂಖದಿಂದ ದೇವರ ಬಾಯಿಗೆ ಪಾನಕವನ್ನೆರೆಯುತ್ತಾರೆ. ಸ್ವಾಮಿಯು ಅರ್ಧವನ್ನು ಮಾತ್ರ ಸ್ವೀಕರಿಸಿ, ಉಳಿದರ್ಧವನ್ನು ಭಕ್ತರಿಗೇ ಪ್ರಸಾದವಾಗಿ ಬಿಡುತ್ತಾನೆಂಬುದು ಅಲ್ಲಿಯ ನಂಬಿಕೆ. ದೇವರೇ ಅರ್ಧಕ್ಕೆ ತೃಪ್ತನಾಗುವ ಈ ಸೀಮೆಯಲ್ಲಿ ಊಟದ ಎಲೆಯ ಮೇಲಿನ ಆವಕಾಯಿಗೆ ಮಾತ್ರ ಮಿತಿಯಿಲ್ಲ. ಇಲ್ಲಿ ನೆಲಸಿದ ಕನ್ನಡ ಕುಟುಂಬಗಳೂ ತಮ್ಮ ಹಪ್ಪಳ ಸಂಡಿಗೆಗಳನ್ನು ಬಿಡದೆ, ಆಂಧ್ರದ ಉಪ್ಪಿನಕಾಯಿಯನ್ನು ಅವುಗಳ ಜೊತೆಗೆ ಕೂಡಿಸಿಕೊಂಡಿವೆ. ರಕ್ತದೊತ್ತಡದ ವಿಚಾರಕ್ಕೂ ಈ ಎಲೆಗೂ ಹತ್ತಿರದ ಸಂಬಂಧವಿದೆ.

ಒತ್ತಡವೆಂದರೇನು?

ಹೃದಯವು ರಕ್ತವನ್ನು ನೂಕುವಾಗ ಅಪಧಮನಿಗಳ ಗೋಡೆಯ ಮೇಲೆ ಬೀಳುವ ಬಲವೇ ರಕ್ತದೊತ್ತಡ. ಹೃದಯ ಸಂಕುಚಿಸಿದಾಗಿನ ಅಳತೆ ಮೇಲಿನದು, ವಿಶ್ರಮಿಸಿದಾಗಿನದು ಕೆಳಗಿನದು. 120/80ಕ್ಕಿಂತ ಕಡಿಮೆಯಿದ್ದರೆ ಸಹಜವೆಂದೂ, ವೈದ್ಯರಲ್ಲಿ ಹಲವು ಸಲ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡವೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ಈ ತೊಂದರೆಯಿದೆ.

'ಬಿ.ಪಿ. ಎಂದರೆ ಟೆನ್ಷನ್' ಎಂಬ ಮಾತು ಜನಜನಿತವಾದರೂ ಪೂರ್ಣ ಸತ್ಯವಲ್ಲ. ಶಾಂತಸ್ವಭಾವದವರಿಗೂ ರಕ್ತದೊತ್ತಡ ಏರುತ್ತದೆ; ಬಹುಮಂದಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ ಎಂದು ನಿಶ್ಚಿಂತರಾಗಿರುವಾಗಲೇ ಅದು ಮೆದುಳು, ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಹಾಳುಮಾಡುತ್ತಿರಬಹುದು. ಆದುದರಿಂದ ಅಳೆಯುವುದೊಂದೇ ತಿಳಿಯುವ ದಾರಿ. ಅಳೆಯುವ ಮೊದಲು ಅರ್ಧ ಗಂಟೆ ಕಾಫಿ ಮತ್ತು ತಂಬಾಕನ್ನು ವರ್ಜಿಸಬೇಕು. ಐದು ನಿಮಿಷ ಮೌನವಾಗಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು.

ಉಪ್ಪಿನ ಲೆಕ್ಕ

'ಉಪ್ಪಿಗಿಂತ ರುಚಿಯಿಲ್ಲ' ಎಂಬುದು ನಿಜ. ಆದರೆ ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ನಾಳಗಳಲ್ಲಿ ದ್ರವ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಉಪ್ಪು ಸಾಕು. ಸಾರು, ಪಲ್ಯ, ಉಪ್ಪಿಟ್ಟು, ಬಿಸ್ಕತ್ತು, ಹಪ್ಪಳ ಎಲ್ಲವೂ ಈ ಒಂದೇ ಲೆಕ್ಕಕ್ಕೆ ಸೇರುತ್ತವೆ.

ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗಷ್ಟೇ ಅಲ್ಲ, ಕೆಡದಂತೆ ಕಾಯುವುದಕ್ಕೂ ಬೇಕು. ಆದ್ದರಿಂದ ಅದರಲ್ಲಿ ಉಪ್ಪನ್ನು ಬಹಳ ತಗ್ಗಿಸಲಾಗದು. ತಿನ್ನುವ ಪ್ರಮಾಣವನ್ನು ತಗ್ಗಿಸಬಹುದು. ಗುಂಟೂರು ಸೀಮೆಯ ಗೋಂಗೂರವೂ ಉತ್ತರ ಕರ್ನಾಟಕದ ಪುಂಡಿಸೊಪ್ಪೂ ಒಂದೇ. ಅದೇ ಸೊಪ್ಪನ್ನು ಉಪ್ಪಿನಲ್ಲಿಟ್ಟು ವರ್ಷವಿಡೀ ತಿನ್ನುವ ಬದಲು ಬೇಳೆಯೊಡನೆ ಬೇಯಿಸಿ ಪುಂಡಿಪಲ್ಯ ಮಾಡಿದರೆ, ಸೊಪ್ಪಿನ ಹುಳಿಯೇ ಉಪ್ಪಿನ ಕೊರತೆಯನ್ನು ಮರೆಸುತ್ತದೆ. ನಿಂಬೆರಸ, ಜೀರಿಗೆ, ಮೆಣಸು, ಕೊತ್ತಂಬರಿಗಳೂ ಹೀಗೆಯೇ ನೆರವಾಗುತ್ತವೆ. ಒಮ್ಮೆಲೇ ಉಪ್ಪು ತಗ್ಗಿಸಿದರೆ ಮನೆಯವರು ಮುಖ ಸಿಂಡರಿಸಿಯಾರು. ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಊಟದ ಎಲೆಯಲ್ಲಿ ಉಪ್ಪು ಬಡಿಸುವ ಪದ್ಧತಿಯನ್ನು ನಿಲ್ಲಿಸುವುದು ಮೊದಲ ಹೆಜ್ಜೆ.

ಹಣ್ಣು, ತರಕಾರಿ, ಕಾಳು ಮತ್ತು ಕಡಿಮೆ ಕೊಬ್ಬಿನ ಹಾಲು ಮಜ್ಜಿಗೆಗಳು ಒತ್ತಡವನ್ನು ಇಳಿಸಲು ಸಹಾಯಕ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂತಹ ಆಹಾರದಿಂದ ಅಧಿಕ ಒತ್ತಡವಿದ್ದವರ ಮೇಲಿನ ಅಳತೆ ಸುಮಾರು 11ರಷ್ಟು ಇಳಿದುದು ಕಂಡುಬಂದಿತು. ಬಾಳೆಹಣ್ಣು, ಎಳನೀರು, ಸೊಪ್ಪುಗಳಲ್ಲಿರುವ ಪೊಟ್ಯಾಸಿಯಂ ಸೋಡಿಯಂ ಅನ್ನು ಹೊರಹಾಕಲು ನೆರವಾಗುತ್ತದೆ. ಆದರೆ ಮೂತ್ರಪಿಂಡದ ರೋಗವಿರುವವರಿಗೆ ಇದೇ ಪೊಟ್ಯಾಸಿಯಂ ಅಪಾಯಕಾರಿಯಾಗಬಹುದು. 'ಕಡಿಮೆ ಸೋಡಿಯಂ' ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಅವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ನಡಿಗೆ, ಉಸಿರು, ನಿದ್ರೆ

ಮಂಗಳಗಿರಿಯ ನೇಕಾರನು ಗುಂಡಿಮಗ್ಗದಲ್ಲಿ ಕುಳಿತಿದ್ದರೂ ಅವನ ಕೈಕಾಲುಗಳೆರಡೂ ದುಡಿಯುತ್ತವೆ. ಕಛೇರಿಯ ಕುರ್ಚಿಯಲ್ಲಿ ಕುಳಿತವನಿಗೆ ಆ ಭಾಗ್ಯವೂ ಇಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಅವನಿಗೆ ಸಾಕಷ್ಟು ವ್ಯಾಯಾಮ. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ನಡಿಗೆಯ ವೇಗಕ್ಕೆ ಇದೇ ಅಳತೆ. ಒತ್ತಡ ಹತೋಟಿಯಲ್ಲಿಲ್ಲದವರು ಹುಮ್ಮಸ್ಸಿನಿಂದ ಒಮ್ಮೆಗೇ ಬೆಟ್ಟದ ಮೆಟ್ಟಿಲುಗಳನ್ನು ಹತ್ತಬಾರದು. ಎದೆನೋವು ಬಂದರೆ ತಕ್ಷಣ ನಿಂತು ವೈದ್ಯಕೀಯ ನೆರವು ಪಡೆಯಬೇಕು. ಸ್ಥೂಲದೇಹಿಗಳಲ್ಲಿ ಇಳಿದ ಪ್ರತಿಯೊಂದು ಕಿಲೋ ತೂಕಕ್ಕೂ ಒತ್ತಡ ಸುಮಾರು 1ರಷ್ಟು ತಗ್ಗುತ್ತದೆಂದು ಲೆಕ್ಕ ಹಾಕಲಾಗಿದೆ.

ಸಿಟ್ಟು, ಭಯ, ಆತುರಗಳಲ್ಲಿ ಅಡ್ರಿನಲಿನ್ ಸ್ರವಿಸಿ ನಾಡಿ ವೇಗಗೊಳ್ಳುತ್ತದೆ, ಒತ್ತಡ ಏರುತ್ತದೆ. ಇದು ತಾತ್ಕಾಲಿಕ. ಆದರೆ ದಿನವೂ ಉದ್ವಿಗ್ನನಾದವನು ನಿದ್ದೆಗೆಡುತ್ತಾನೆ, ಕುರುಕಲು ತಿಂಡಿಗೂ ಸಿಗರೇಟಿಗೂ ಮೊರೆಹೋಗುತ್ತಾನೆ. ನಿಜವಾದ ಹಾನಿ ಹೀಗೆ ಒಳಸೇರುತ್ತದೆ. ನಿಮಿಷಕ್ಕೆ ಆರರಷ್ಟು ನಿಧಾನವಾಗಿ ಉಸಿರಾಡಿದರೆ, ಕತ್ತಿನ ಹಾಗೂ ಎದೆಯ ದೊಡ್ಡ ನಾಳಗಳಲ್ಲಿರುವ ಒತ್ತಡಗ್ರಾಹಕಗಳು ಚುರುಕಾಗಿ ನಾಡಿ ಶಾಂತವಾಗುತ್ತದೆ. ನಾಲ್ಕು ಎಣಿಸುವವರೆಗೆ ಉಸಿರನ್ನು ಒಳಗೆಳೆದು, ಆರು ಎಣಿಸುವವರೆಗೆ ಬಿಡುವುದು. ಉಸಿರನ್ನು ಬಲವಂತವಾಗಿ ಹಿಡಿಯಬೇಕಾಗಿಲ್ಲ. ಬೆಳಿಗ್ಗೆ ಸಂಜೆ ಹತ್ತು ನಿಮಿಷದ ಈ ಅಭ್ಯಾಸಕ್ಕೆ ಖರ್ಚೇನೂ ಇಲ್ಲ.

ರಾತ್ರಿ ಏಳು ಗಂಟೆಯ ನಿದ್ರೆ ಅಗತ್ಯ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರುಗಟ್ಟುವವರು ವೈದ್ಯರಿಗೆ ತಿಳಿಸಬೇಕು. ಅದೂ ಒತ್ತಡದ ಒಂದು ಕಾರಣ. ಮದ್ಯವನ್ನೂ ತಂಬಾಕನ್ನೂ ತ್ಯಜಿಸುವುದು ಲೇಸು.

ಸಹಜವೆಂಬುದಕ್ಕೂ ಮಿತಿಯುಂಟು

ಗಿಡಮೂಲಿಕೆಯಾದರೆ ಹಾನಿಯಿಲ್ಲವೆಂಬುದು ಭ್ರಮೆ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ನಮ್ಮ ಸರ್ಪಗಂಧದ ಬೇರಿನ ಗುಣವನ್ನು ಜಗತ್ತಿಗೆ ತಿಳಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಲಾಯಿತು. ಅದು ಒತ್ತಡವನ್ನು ಇಳಿಸಿದ್ದು ನಿಜ. ಪ್ರಮಾಣ ಮೀರಿದಾಗ ಹಲವರನ್ನು ಖಿನ್ನತೆಗೆ ತಳ್ಳಿದ್ದೂ ನಿಜ. ಕೆಮ್ಮಿಗೆಂದು ಬಳಸುವ ಜ್ಯೇಷ್ಠಮಧುವನ್ನು ಬಹುಕಾಲ ಸೇವಿಸಿದರೆ ಒತ್ತಡ ಏರುತ್ತದೆ. ಉಪ್ಪಿಲ್ಲದ ಪಾನಕವೂ ಮಧುಮೇಹಿಗೆ ಒಂದು ಗುಟುಕಿನ ಪ್ರಸಾದವಾಗಿರಬೇಕೇ ಹೊರತು ಲೋಟ ತುಂಬ ಅಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಅಳತೆ 130ಕ್ಕೆ ಇಳಿದೊಡನೆ ಗುಣವಾಯಿತೆಂದು ಮಾತ್ರೆ ನಿಲ್ಲಿಸುವುದು. ಆ ಇಳಿಕೆಯಲ್ಲಿ ಮಾತ್ರೆಯ ಪಾಲೂ ಇದೆ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ನೆಗೆಯುತ್ತದೆ. ಪಕ್ಷವಾತಕ್ಕೆ ಅದೊಂದೇ ಸಾಕು. ಉಪ್ಪು ತಗ್ಗಿಸಿ ನಡಿಗೆ ಹೆಚ್ಚಿಸಿದವರಿಗೆ ಮಾತ್ರೆಯ ಪ್ರಮಾಣ ಕಡಿಮೆಯಾಗಬಹುದು. ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಮಂಗಳಗಿರಿಯಲ್ಲಿಯೇ ಈಗ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಒತ್ತಡ ಅಳೆಯುತ್ತಾರೆ.

ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನು ಅಳೆಯಿಸಿಕೊಂಡು, ಆ ಸಂಖ್ಯೆಯನ್ನು ಬರೆದಿಡಲಿ. ಎಲೆಯ ಮೇಲಿನ ಉಪ್ಪಿನಕಾಯಿ ಅರ್ಧವಾಗಲಿ, ನಡಿಗೆ ಎರಡರಷ್ಟಾಗಲಿ, ವೈದ್ಯರು ಬರೆದ ಮಾತ್ರೆ ಮಾತ್ರ ಪೂರ್ತಿಯಾಗಿ ಹೊಟ್ಟೆ ಸೇರಲಿ.