ಗೋಬರ್ ಗ್ಯಾಸ್ ಪೈಪಿನಲ್ಲಿ ನಿಲ್ಲುವ ನೀರು

ಸವಣೂರು, ಶಿಗ್ಗಾವಿ ಕಡೆಯ ಹಳ್ಳಿಗಳಿಂದ ಗೋಬರ್ ಗ್ಯಾಸ್ ರಿಪೇರಿಗೆ ಕರೆ ಬಂತೆಂದರೆ ದೂರು ಬಹುತೇಕ ಒಂದೇ: “ಅಣ್ಣಾರ, ಒಲಿ ಬುಸ್ ಬುಸ್ ಅಂತೈತ್ರಿ, ಉರಿ ನಿಂದ್ರವಲ್ತು.” ಸಗಣಿ ಸಾಲುತ್ತಿಲ್ಲವೆಂದು ಮನೆಯವರ ಲೆಕ್ಕ. ನಾನು ಮೊದಲು ನೋಡುವುದು ಪೈಪನ್ನು.

1. ಗ್ಯಾಸ್ ಕಡಿಮೆಯಾದರೆ ಉರಿ ಸಣ್ಣಗಾಗುತ್ತ ಆರುತ್ತದೆ. ಪೈಪಿನಲ್ಲಿ ನೀರು ನಿಂತಿದ್ದರೆ ಎದ್ದುಬಿದ್ದು ಕುಣಿಯುತ್ತದೆ. ಕಿವಿಗೊಟ್ಟರೆ ಗುಳುಗುಳು ಸದ್ದೂ ಕೇಳೀತು.

2. ಈ ಗ್ಯಾಸ್ ಹುಟ್ಟುವುದೇ ಹಸಿಯಾಗಿ. ಮೀಥೇನ್ ಶೇ 55ರಿಂದ 65, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ನೀರಾವಿ. ತಣ್ಣನೆಯ ಪೈಪಿನಲ್ಲಿ ಆ ಆವಿ ಹನಿಗಟ್ಟುತ್ತದೆ. ಹಾಗಾಗಿ ಚಳಿಗಾಲದಲ್ಲಿ ನಮಗೆ ಕೆಲಸ ಜಾಸ್ತಿ. ಸಿಲಿಂಡರ್ ಗ್ಯಾಸಿಗೆ ಈ ತಾಪತ್ರಯವಿಲ್ಲ. ಸಿಲಿಂಡರಿನ ಪೈಪ್ ಎಳೆಯುವವರಿಂದಲೇ ಇದನ್ನೂ ಎಳೆಸಿದ ಮನೆಗಳಲ್ಲಿ ಎಷ್ಟೋ ಸಲ ನೀರು ಬಿಡುವ ಜಾಗವೇ ಇರುವುದಿಲ್ಲ.

3. ಇಳಿಜಾರು 100 ಅಡಿಗೆ ಒಂದು ಅಡಿಯಾದರೂ ಬೇಕು, ಒಂದೋ ಗುಂಡಿಯ ಕಡೆಗೆ, ಇಲ್ಲವೇ ನೀರು ಬಿಡುವ ಕಾಕ್ ಕಡೆಗೆ. ಕಣ್ಣಳತೆ ಬೇಡ, ಗೌಂಡಿಯ ಲೆವೆಲ್ ಪೈಪ್ ಹಿಡಿಯಿರಿ. ತೇಲುವ ಡ್ರಮ್ಮಿನ ಪ್ಲಾಂಟಿನಲ್ಲಿ ಗ್ಯಾಸಿನ ಒತ್ತಡ ಸುಮಾರು 10 ಸೆಂ.ಮೀ. ನೀರನ್ನು ಎತ್ತುವಷ್ಟೇ, ಅಂದರೆ ಅರ್ಧ ಗೇಣು. ಪೈಪ್ ಒಂದು ಕಡೆ ಅಷ್ಟು ತಗ್ಗಿ ನೀರು ತುಂಬಿದರೆ ಒಲೆಗೆ ಗ್ಯಾಸ್ ಬಂದ್.

4. ಲೈನಿನ ಅತಿ ತಗ್ಗಿನ ಜಾಗದಲ್ಲಿ ಒಂದು ಟೀ, ಅದರ ಕೆಳಬಾಯಿಗೆ ಅಡಿಯುದ್ದದ ತುಂಡು ಪೈಪ್, ತುದಿಗೆ ಕಾಕ್. ಇಷ್ಟೇ. ನೀರಿನ ಜೊತೆ ತುಕ್ಕಿನ ಚೂರೂ ಇದರಲ್ಲೇ ಬೀಳುತ್ತದೆ. ಗ್ಯಾಸಿನಲ್ಲಿರುವ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿನೊಡನೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ಟೀ ಇಲ್ಲದಿದ್ದರೆ ಆ ಚೂರು ಒಲೆಯ ಜೆಟ್ಟಿಗೇ ಹೋಗಿ ಕೂರುತ್ತದೆ. ಅಮೆರಿಕದಲ್ಲಿ ಮನೆಯ ಗ್ಯಾಸ್ ಗೀಸರಿಗೂ ಇಂಥದೇ ಟೀ, ಕೆಳಗೆ ಕನಿಷ್ಠ 3 ಇಂಚಿನ ತುಂಡು ಹಾಕುವ ನಿಯಮವಿದೆ. ಅಲ್ಲಿನ ಗ್ಯಾಸ್ ಒಣ, ಆದ್ದರಿಂದ ಅದು ಕಸ ಹಿಡಿಯಲಿಕ್ಕೆ ಮಾತ್ರ. ನಮ್ಮಲ್ಲಿ ಎರಡೂ ಕೆಲಸ.

5. ಎರಿ ಮಣ್ಣನ್ನು ನಂಬಬೇಡಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಹೂತ ಪೈಪನ್ನು ಮೇಲೆ ಕೆಳಗೆ ಮಾಡುತ್ತದೆ. ಕಟ್ಟಿದಾಗ ಸರಿಯಿದ್ದ ಇಳಿಜಾರು ಎರಡು ಮಳೆಗಾಲದಲ್ಲಿ ತಿರುಗಿ ಬಿದ್ದದ್ದನ್ನು ಕಂಡಿದ್ದೇನೆ. ಸಾಧ್ಯವಿದ್ದಲ್ಲಿ ಗೋಡೆಗುಂಟ ಕ್ಲ್ಯಾಂಪ್ ಹಾಕಿ ಒಯ್ಯಿರಿ. ಹೂಳಲೇಬೇಕಾದರೆ ಸುತ್ತ ಮರಳು ಹಾಕಿ, ಟ್ರ್ಯಾಕ್ಟರ್ ಓಡಾಡುವ ಜಾಗ ಬಿಟ್ಟು.

6. ಒಲೆಯ ಹಿಂದೆ ರಬ್ಬರ್ ಟ್ಯೂಬ್ ಜೋತುಬಿದ್ದಿದ್ದರೆ ಅಲ್ಲಿಯೂ ನೀರು ನಿಲ್ಲುತ್ತದೆ. ಕತ್ತರಿಸಿ ಗಿಡ್ಡ ಮಾಡಿ.

7. ವಾರಕ್ಕೊಮ್ಮೆ, ಚಳಿಗಾಲದಲ್ಲಿ ಇನ್ನೂ ಬೇಗ, ನೀರು ಬಿಡಿ. ಒಲೆ ಬಂದ್ ಇರಲಿ, ಬೀಡಿ ದೂರವಿರಲಿ. ಮೊದಲು ಕಪ್ಪು ನೀರು ಬರುತ್ತದೆ, ಆಮೇಲೆ ‘ಸುಯ್’ ಅನ್ನುತ್ತದೆ. ಆ ಕ್ಷಣವೇ ಕಾಕ್ ತಿರುಗಿಸಿ. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಬೆರೆತರೆ ಕಿಡಿ ಸಾಕು. ಜೋಡಣೆ ಸೋರುತ್ತಿದೆಯೇ ಎಂದು ನೋಡಲು ಸಾಬೂನಿನ ನೊರೆ ಹಚ್ಚಿ, ಕಡ್ಡಿ ಗೀರಬೇಡಿ.

ಹೊಸ ಪ್ಲಾಂಟ್ ಕಟ್ಟಿಸುವವರು ಬಾಕಿ ಹಣ ಎಣಿಸುವ ಮುಂಚೆ ನೀರು ಬಿಡುವ ಕಾಕ್ ಎಲ್ಲಿದೆಯೆಂದು ಮೇಸ್ತ್ರಿಯನ್ನು ಕೇಳಿ, ಅವರ ಕೈಯಲ್ಲೇ ಒಮ್ಮೆ ತೆಗೆಸಿ ಹಾಕಿಸಿ.