ಔಷಧಕ್ಕಿಂತ ಚೀಟಿಯೇ ದುಬಾರಿ

ಕುಣಿಗಲ್‌ನಲ್ಲಿರುವ ನಮ್ಮಮ್ಮನ ಉಬ್ಬಸ ಹಳೆಯದು. ನನ್ನ ಮನೆ ಗುಬ್ಬಿಯಲ್ಲಿ, ಕೆಲಸ ತುಮಕೂರಿನಲ್ಲಿ. ಇನ್‌ಹೇಲರ್ ಮುಗಿಯಿತೆಂದರೆ ಅವರು ಬಸ್ ಹತ್ತಿ ತುಮಕೂರಿಗೆ ಬರಬೇಕು, ನಾನು ಅರ್ಧ ದಿನ ರಜೆ ಹಾಕಬೇಕು, ಕ್ಲಿನಿಕ್ಕಿನಲ್ಲಿ ಹೊಸದಾಗಿ ಫೀಸು ಕಟ್ಟಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನ ಟಿಕೆಟ್ ಖರ್ಚು ಉಳಿಯಿತು, ಮಿಕ್ಕಿದ್ದು ಹಾಗೇ ಇತ್ತು. ಎಲ್ಲ ಕೂಡಿಸಿ ನೋಡಿದರೆ ಔಷಧಕ್ಕಿಂತ ಅದರ ಚೀಟಿಗೇ ಹೆಚ್ಚು ದುಡ್ಡು ಹೋಗುತ್ತಿತ್ತು.

‘ಖಾಲಿ ಡಬ್ಬಿ ತೋರಿಸಿದರೆ ಮೆಡಿಕಲ್‌ನವರೇ ಕೊಡ್ತಾರಲ್ಲ’ ಎನ್ನುವವರಿದ್ದಾರೆ. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ರಾತ್ರಿ ದಮ್ಮು ಕಟ್ಟಿದಾಗ ಅಂಗಡಿಯವರ ಮರ್ಜಿ ಕಾಯುವಂತಾಗಬಾರದು.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಆಸ್ತಮಾ ಇನ್‌ಹೇಲರ್‌ಗಳು ಷೆಡ್ಯೂಲ್ ಎಚ್ ಔಷಧಗಳು. 1945ರ ಔಷಧ ನಿಯಮಗಳ 65ನೇ ನಿಯಮದಂತೆ ಇಂಥ ಔಷಧವನ್ನು ಒಂದು ಚೀಟಿಗೆ ಒಮ್ಮೆ ಮಾತ್ರ ಕೊಡಬೇಕು. ಆದರೆ ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಕೊಡಬಹುದು ಎಂದು ಡಾಕ್ಟರೇ ಬರೆದಿದ್ದರೆ ಅದೇ ಚೀಟಿಯ ಮೇಲೆ ಅಷ್ಟು ಸಲ ಕೊಳ್ಳಬಹುದು. ಪ್ರತಿ ಸಲವೂ ಅಂಗಡಿಯವರು ತಮ್ಮ ಹೆಸರು, ತಾರೀಖು ಹಾಕಿಕೊಡಬೇಕು. ಅಮ್ಮನ ಚೀಟಿಯಲ್ಲಿ ಈಗ ‘ತಿಂಗಳಿಗೊಂದರಂತೆ ಮೂರು ತಿಂಗಳು’ ಎಂಬ ಸಾಲಿದೆ. ಕೇಳಿದಾಗ ಡಾಕ್ಟರು ಬೇಸರಿಸಲಿಲ್ಲ. ಉಬ್ಬಸ ಹತೋಟಿಯಲ್ಲಿದ್ದವರಿಗೆ ಹಾಗೆ ಬರೆಯಲು ಅಡ್ಡಿಯೇನಿಲ್ಲ ಎಂದರು.

ಎರಡನೆಯದಾಗಿ, ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಚೀಟಿಯಲ್ಲಿ ಒಂದು ಬ್ರ್ಯಾಂಡ್ ಇದ್ದರೆ ಅದರ ಬದಲು ಇನ್ನೊಂದು ಕೊಡುವಂತಿಲ್ಲ ಎನ್ನುತ್ತದೆ ಅದೇ 65ನೇ ನಿಯಮ. ‘ಬ್ಯುಡೆಸೊನೈಡ್–ಫಾರ್ಮೊಟೆರಾಲ್’ ಎಂದು ಬರೆದಿದ್ದರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು. ಹತ್ತಿರದ ಕೇಂದ್ರ ಯಾವುದು, ಅಲ್ಲಿನ ಬೆಲೆ ಎಷ್ಟು ಎಂಬುದು ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಸಿಗುತ್ತದೆ. ಸ್ಟಾಕ್ ಇದೆಯೇ ಎಂದು ಕೇಳಿಕೊಂಡೇ ಹೊರಡಿ. ಸಾಧನ ಬದಲಾದರೆ ಎಳೆದುಕೊಳ್ಳುವ ರೀತಿಯೂ ಬದಲಾಗಬಹುದು. ಅದನ್ನು ಡಾಕ್ಟರ ಮುಂದೆ ಒಮ್ಮೆ ಮಾಡಿ ತೋರಿಸಿ. ಬಾಯಲ್ಲೇ ಉಳಿದ ಔಷಧಕ್ಕೆ ಕೊಟ್ಟ ದುಡ್ಡು ದಂಡ.

ಬೆಲೆ ಹೋಲಿಸುವಾಗ ಡಬ್ಬಿಯ ಮೇಲಿನ ಎಂಆರ್‌ಪಿ ಒಂದನ್ನೇ ನೋಡಬೇಡಿ, ದಿನದ ಖರ್ಚು ಲೆಕ್ಕ ಹಾಕಿ. 120 ಪಫ್‌ಗಳ ಇನ್‌ಹೇಲರ್ ಅನ್ನು ಬೆಳಿಗ್ಗೆ ಎರಡು, ರಾತ್ರಿ ಎರಡು ಪಫ್ ತೆಗೆದುಕೊಂಡರೆ 30 ದಿನ ಬರುತ್ತದೆ. 30 ರೋಟಾಕ್ಯಾಪ್‌ಗಳ ಬಾಟಲಿ ದಿನಕ್ಕೆರಡರಂತೆ 15 ದಿನಕ್ಕೇ ಮುಗಿಯುತ್ತದೆ. ಲೆಕ್ಕಕ್ಕೆಂದು ಇನ್‌ಹೇಲರ್ 360 ರೂಪಾಯಿ, ಬಾಟಲಿ 200 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದು ದಿನಕ್ಕೆ 12 ರೂಪಾಯಿ, ಅಗ್ಗ ಎನಿಸಿದ ಎರಡನೆಯದು 13ಕ್ಕಿಂತ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಡೋಸ್ ಕೌಂಟರ್ ಇಲ್ಲದ ಇನ್‌ಹೇಲರ್ ಆದರೆ ಶುರು ಮಾಡಿದ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ. ಔಷಧ ಮುಗಿದ ಮೇಲೂ ಗ್ಯಾಸ್ ಬುಸ್ ಎನ್ನುತ್ತಲೇ ಇರುತ್ತದೆ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವನ್ನು ನಂಬುವಂತಿಲ್ಲ. ಅಮ್ಮನ ಹತ್ತಿರ ಬಳಕೆಯಲ್ಲಿರುವುದರ ಜೊತೆ ಇನ್ನೊಂದು ಸದಾ ಇರುತ್ತದೆ. ರಾಗಿ ಒಕ್ಕಣೆಯ ದೂಳು, ಮಾಗಿಯ ಚಳಿ ಎರಡೂ ಒಟ್ಟಿಗೆ ಬರುವ ಕಾಲದಲ್ಲಂತೂ ಅದು ಬೇಕೇ ಬೇಕು. ಅದಕ್ಕಿಂತ ಹೆಚ್ಚು ಕೂಡಿಡುವುದಿಲ್ಲ. ಎಕ್ಸ್‌ಪೈರಿ ತಾರೀಖು ಕಾಯುವುದಿಲ್ಲ, ಶೀಟಿನ ಮನೆಯ ಬಿಸಿಲಿಗೆ ಔಷಧವೂ ಬಾಳುವುದಿಲ್ಲ.

ನಮ್ಮ ಹಿರಿಯರು ಎಲ್ಲಿ ಕೈ ಬಿಗಿ ಹಿಡಿಯುತ್ತಾರೆ ಎಂಬುದನ್ನೂ ಗಮನಿಸಬೇಕು. ‘ಉಸಿರು ಸರಾಗ ಆಡ್ತಿದೆ ಕಣಪ್ಪ, ಇವತ್ತು ಬೇಡ ಬಿಡು’ ಎಂದು ಅಮ್ಮ ಬಿಡುವುದು ದಿನನಿತ್ಯದ ಸ್ಟಿರಾಯ್ಡ್ ಇನ್‌ಹೇಲರ್ ಅನ್ನೇ. ತಕ್ಷಣ ಆರಾಮ ಕೊಡುವ ನೀಲಿ ಸಾಲ್ಬುಟಮಾಲ್ ಅಗ್ಗ, ಕಣ್ಣಿಗೆ ಕಾಣುವ ಗುಣ. ಅದರ ಮೇಲೆ ನಂಬಿಕೆ ಜಾಸ್ತಿ. ಆದರೆ ಅದು ಒಳಗಿನ ಊತ ಇಳಿಸುವುದಿಲ್ಲ. ಆಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ ‘ಗಿನಾ’ 2019ರಿಂದ ಅದೊಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುತ್ತಿದೆ. 200 ಪಫ್‌ಗಳ ನೀಲಿ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ಜೋರು ಉಬ್ಬಸದ ಅಪಾಯ ಹೆಚ್ಚು, ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೂ ಹೆಚ್ಚು ಎಂದೂ ಅದು ಎಚ್ಚರಿಸುತ್ತದೆ. ಸ್ಟಿರಾಯ್ಡ್ ಇನ್‌ಹೇಲರ್‌ನಲ್ಲಿ ಉಳಿಸಿದ್ದು ಆಸ್ಪತ್ರೆಯ ಅಡ್ಮಿಷನ್ ಬಿಲ್ಲಾಗಿ ವಾಪಸು ಬರುತ್ತದೆ.

ಬಿಲ್ಲುಗಳನ್ನು ಎಸೆಯಬೇಡಿ. ಸಾಮಾನ್ಯ ಆರೋಗ್ಯ ವಿಮೆ ಮನೆಯಲ್ಲಿ ಬಳಸುವ ಇನ್‌ಹೇಲರ್‌ಗೆ ದುಡ್ಡು ಕೊಡುವುದು ಅಪರೂಪ. ಆದರೆ ವಿಮೆಯೇ ಇಲ್ಲದ, 60 ದಾಟಿದ ತಂದೆತಾಯಿಯ ಚಿಕಿತ್ಸೆಗೆ ಮಕ್ಕಳು ಮಾಡುವ ಖರ್ಚಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಕಡಿತವಿದೆ; 80ಡಿ ಎಂದು ನಾವು ಕರೆಯುವುದು ಇದನ್ನೇ. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಹಾಗಾಗಿ ಮೆಡಿಕಲ್‌ನಲ್ಲಿ ಯುಪಿಐ ಮಾಡಿ ಬಿಲ್ ಕೇಳಿ ಪಡೆಯುತ್ತೇನೆ.

ಒಂದು ಎಚ್ಚರಿಕೆ. ಮೂರು ತಿಂಗಳ ಚೀಟಿ ಇದೆಯೆಂದು ಮೂರು ತಿಂಗಳೂ ಡಾಕ್ಟರ ಕಡೆ ಹೋಗದಿರುವುದು ಉಳಿತಾಯವಲ್ಲ. ನೀಲಿ ಡಬ್ಬಿ ಬೇಗ ಖಾಲಿಯಾಗುತ್ತಿದ್ದರೆ, ರಾತ್ರಿ ಕೆಮ್ಮು ಎಬ್ಬಿಸುತ್ತಿದ್ದರೆ, ಚೀಟಿಯಲ್ಲಿ ಇನ್ನೂ ಎರಡು ಸಲ ಬಾಕಿ ಇದ್ದರೂ ಹೋಗಿ. ಬರೀ ಚೀಟಿಗೆಂದು ಕಟ್ಟುತ್ತಿದ್ದ ಫೀಸು ಉಳಿದಿದೆಯಲ್ಲ, ಅದನ್ನು ಖರ್ಚು ಮಾಡಬೇಕಾದ ದಿನ ಅದೇ.